ಶನಿವಾರದ ರಿಟರ್ನ್

"ಸೈಜು ಸರಿ ಇಲ್ಲ" ಎಂದು ಅವಳು ಶೂ ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು.

"ದೊಡ್ಡ ಆತಾ, ಸಣ್ಣ ಆತಾ?" ಸುಧಾಕರ ಮೊಬೈಲಿನಿಂದ ಕಣ್ಣೆತ್ತದೆಯೇ ಕೇಳಿದ.

"ಎರಡೂ."

ಈಗ ಕಣ್ಣೆತ್ತಲೇಬೇಕಾಯಿತು. ಎದುರಿಗೆ ತಿಳಿನೀಲಿ ಚೂಡಿದಾರದ ಹುಡುಗಿ ನಿಂತಿದ್ದಳು. ಕೊರಳಲ್ಲಿ ಆಸ್ಪತ್ರೆಯ ಐಡಿ ಕಾರ್ಡು, ಹೆಗಲಿಗೆ ಬ್ಯಾಗು, ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗು. ಆ ನಗು ತಮಾಷೆಯದೋ ಬೇಸರದ್ದೋ ಅವನಿಗೆ ಗೊತ್ತಾಗಲಿಲ್ಲ.

"ಎರಡೂ ಒತ್ತೂಕೆ ಆಗೂದಿಲ್ಲ ಮೇಡಂ. ಕಂಪನಿಯವ್ರು ಒಂದೇ ಕಾರಣ ಕೇಳೂದು."

"ಹಂಗಾರೆ ನಿಮ್ಗೆ ಯಾವ್ದು ಚಂದ ಕಾಣ್ತದೋ ಅದು ಒತ್ತಿ."

ಅವನು 'ಸಣ್ಣದಾಯಿತು' ಎಂಬುದನ್ನು ಒತ್ತಿದ. ಪರದೆಯ ಮೇಲೆ ಹೆಸರು ಬಂತು: ಧನ್ಯಶ್ರೀ, ಕಾಸರಕೋಡ. ಅವಳು ರಸೀದಿಯ ಮೆಸೇಜು ಬಂದದ್ದನ್ನು ನೋಡಿಕೊಂಡು, ಬಂದಷ್ಟೇ ನಿಧಾನವಾಗಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಹೋದಳು. ಸುಧಾಕರ ಆ ಡಬ್ಬಿಯ ಮೇಲೆ ಸ್ಟಿಕ್ಕರು ಅಂಟಿಸಲು ಎರಡು ಸಲ ಮರೆತ.

ಈ ಸುಧಾಕರನ ಅಂಗಡಿಯದ್ದೇ ಒಂದು ವಿಚಿತ್ರ ಕಥೆ. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಅವನ ಅಪ್ಪ ದಾಸ, ಸಮುದ್ರಕ್ಕೆ ದೊಡ್ಡ ನಮಸ್ಕಾರ ಹಾಕಿ ಹೊನ್ನಾವರದ ಮೀನು ಮಾರುಕಟ್ಟೆಯ ಪಕ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟ. ಗೋಡೆಯ ಮೇಲೆ ತಾನೇ ಕೆಂಪು ಬಣ್ಣದಲ್ಲಿ ಬರೆದ: 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. ಸರಿಯಾಗಿ ನೋಡಿ ಕೊಳ್ಳಿರಿ.' ಅಪ್ಪ ತೀರಿಕೊಂಡ. ಬೋರ್ಡು ಉಳಿಯಿತು. ಆದರೆ ಜನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಚಪ್ಪಲಿ ತರಿಸಿಕೊಳ್ಳಲು ಕಲಿತರು. ಹಿಡಿಸದಿದ್ದರೆ ಪುಕ್ಕಟೆ ವಾಪಸ್ ಎಂದಮೇಲೆ ದಾಸನ ಬೋರ್ಡನ್ನು ಯಾರು ಕೇಳುತ್ತಾರೆ?

ಕಡೆಗೆ ಸುಧಾಕರ ಒಂದು ಕೆಲಸ ಮಾಡಿದ. ತನ್ನ ವ್ಯಾಪಾರ ನುಂಗಿದ ಆ ಆನ್‌ಲೈನ್ ಕಂಪನಿಯದ್ದೇ ಪಾರ್ಸಲ್ ಕೌಂಟರನ್ನು ತನ್ನ ಅಂಗಡಿಯೊಳಗೆ ತೆರೆದ. ವಾಪಸ್ ಒಯ್ಯಲು ವ್ಯಾನು ಹೋಗದ ಓಣಿಗಳ ಜನ ಹಿಡಿಸದ ಶೂ ಚಪ್ಪಲಿಗಳನ್ನು ಅವನಲ್ಲಿಗೆ ತಂದು ಕೊಡಬೇಕು. ಅವನು ಡಬ್ಬಿ ಬಿಚ್ಚಿ, ಅಟ್ಟೆಗೆ ಮಣ್ಣು ಹತ್ತಿಲ್ಲ, ಎಡ ಬಲ ಎರಡೂ ಇವೆ, ನಂಬರು ಒಂದೇ ಎಂದು ನೋಡಿ ಟಿಕ್ ಹಾಕಬೇಕು. ಮಾರಿದ್ದನ್ನು ವಾಪಸ್ ಪಡೆಯದ ಬೋರ್ಡಿನ ಕೆಳಗೇ ಕೂತು ಅವನು ಊರಿನವರೆಲ್ಲ ವಾಪಸ್ ಮಾಡಿದ್ದನ್ನು ಪಡೆಯುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯದೆ ಅವನು ಸುಮ್ಮನೆ ಟಿಕ್ ಹಾಕುತ್ತಿದ್ದ.

ಪದೇ ಪದೇ ವಾಪಸ್ ಮಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮದುವೆಯಲ್ಲಿ ಒಂದು ಹೊತ್ತು ಹಾಕಿಕೊಂಡು, ಫೋಟೊ ತೆಗೆಸಿಕೊಂಡು, ಮರುದಿನ 'ಹಿಡಿಸಲಿಲ್ಲ' ಎಂದು ತರುವವರಿದ್ದರು. ಅಂಥವರ ಚಪ್ಪಲಿಯಲ್ಲಿ ಅಕ್ಷತೆಯ ಕಾಳು ಸಿಕ್ಕಿದ್ದೂ ಉಂಟು. ಧನ್ಯಶ್ರೀ ಎರಡನೇ ಶನಿವಾರವೂ ಬಂದಾಗ, ಮೂರನೆಯದಕ್ಕೂ ಬಂದಾಗ, ಇವಳೂ ಅದೇ ಪೈಕಿಯೇ ಎಂದು ಅವನು ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು ನೋಡಿದ. ಆದರೆ ಅವಳ ಶೂಗಳ ಅಟ್ಟೆ ಆಗಷ್ಟೇ ಕಂಪನಿಯಿಂದ ಬಂದಷ್ಟು ಚೊಕ್ಕಟವಾಗಿರುತ್ತಿತ್ತು.

"ಎಲ್ಲಿ ಹಾಕ್ಕಂಡು ನೋಡ್ತೀರಿ ಇದನ್ನ?"

"ಹಾಸಿಗೆ ಮೇಲೆ."

"ಹಾಸಿಗೆ ಮೇಲೆ ನಡೀತೀರಾ?"

"ಕಾಸರಕೋಡಲ್ಲಿ ಮತ್ತೆಲ್ಲಿ ನಡೆಯೂದು? ಕಡಲ ದಂಡೆ, ಮನೆ ಒಳಗೂ ಹೊಯ್ಗೆ, ಹೊರಗೂ ಹೊಯ್ಗೆ. ನಿಮ್ಮ ಕಂಪನಿಯವ್ರಿಗೆ ಒಂದು ಹೊಯ್ಗೆಕಾಳು ಕಂಡ್ರೂ ಆಗೂದಿಲ್ಲ."

"ನನ್ನ ಕಂಪನಿ ಅಲ್ಲ. ಈ ಸಲ ಕಾರಣ ಎಂತ ಒತ್ಲಿ?"

"ಬಣ್ಣ ಅಮ್ಮಂಗೆ ಹಿಡಿಸ್ಲಿಲ್ಲ ಅಂತ ಒತ್ತಿ."

"ಕಪ್ಪು ಬಣ್ಣದಲ್ಲಿ ಹಿಡಿಸದೇ ಇರೂಕೆ ಎಂತ ಇದ್ದು?"

"ಕಪ್ಪೇ ಹಿಡಿಸ್ಲಿಲ್ಲ." ಮತ್ತೆ ಅದೇ ಒಂದು ಮೂಲೆಯ ನಗು.

ಅವನು ಮೊಬೈಲು ನೋಡುವ ನೆಪದಲ್ಲಿ ತಲೆ ತಗ್ಗಿಸಿದ. ಮುಖದ ಮೇಲೆ ಬಂದ ನಗುವನ್ನು ಮುಚ್ಚಿಡಲು ಅಷ್ಟು ದೊಡ್ಡ ಅಂಗಡಿಯಲ್ಲಿ ಬೇರೆ ಜಾಗ ಸಿಗಲಿಲ್ಲ.

ಇನ್ನೊಂದು ವಿಷಯವನ್ನು ಅವನು ಗಮನಿಸಿದ್ದ. ಪೇಟೆಯಲ್ಲಿ ಹಿರಿಯರು ಕಿರಿಯರು ಎಲ್ಲರಿಗೂ ಅವನು 'ಸುಧಾಕರಣ್ಣ'. ಇವಳು ಮಾತ್ರ ಒಮ್ಮೆಯೂ ಅಣ್ಣ ಅನ್ನಲಿಲ್ಲ. ಸುತ್ತಿ ಬಳಸಿ 'ಅಂಗಡಿಯವ್ರೆ' ಅನ್ನುತ್ತಿದ್ದಳು, ಇಲ್ಲವೇ ಏನೂ ಅನ್ನದೆ ಮಾತು ಶುರು ಮಾಡುತ್ತಿದ್ದಳು. ಅದಕ್ಕಾಗಿ ಅವನು ಅವಳಿಗೆ ಮನಸ್ಸಿನಲ್ಲೇ ಕೃತಜ್ಞನಾಗಿದ್ದ.

ಒಂದು ಶನಿವಾರ ಅವಳು ಗೋಡೆಯ ಶೋಕೇಸನ್ನು ದಿಟ್ಟಿಸಿ ನೋಡಿದಳು.

"ಎಂತ, ಎಲ್ಲಾ ಒಂಟಿ ಕಾಲಿಂದೇ ಇಟ್ಟೀರಲ್ಲ?"

"ಜೋಡಿ ಇಟ್ರೆ ಕದ್ಕಂಡು ಹೋಗ್ತಾರೆ. ಮತ್ತೆ ಬಿಸಿಲಿಗೆ, ಉಪ್ಪುಗಾಳಿಗೆ ಬಣ್ಣ ಹೋಗ್ತದೆ. ಹಾಳಾಗೂದಾದ್ರೆ ಒಂದೇ ಹಾಳಾಗ್ಲಿ ಅಂತ."

"ಒಂದು ಹಾಳಾದ್ಮೇಲೆ ಇನ್ನೊಂದನ್ನ ಯಾರು ತಗಂತಾರೆ?"

"ಯಾರೂ ತಗಳೂದಿಲ್ಲ. ಅದು ಡಬ್ಬಿ ಒಳಗೇ ಇರ್ತದೆ. ಒಂದೊಂದು ಮಾಡೆಲಿಗೆ ಒಂದೊಂದು ಜೋಡಿ ಹಿಂಗೆ ದಂಡ."

"ಪಾಪ" ಎಂದಳು ಅವಳು. ಆ ಪಾಪ ಅಂಗಡಿಯವನಿಗೋ ಶೂಗೋ ತಿಳಿಯಲಿಲ್ಲ. ಆದರೆ ಅವಳ ಕಣ್ಣು ಒಂಟಿ ಶೂಗಳ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತ್ತು.

ಆಗ ಅವನು ಆ ಮಾತು ಕೇಳಿದ. "ಇಷ್ಟು ಸಲ ತರಿಸಿ ವಾಪಸ್ ಮಾಡೂದಕ್ಕಿಂತ ಇಲ್ಲೇ ಹಾಕ್ಕಂಡು ನೋಡ್ಬಹುದಲ್ಲ? ಬೆಂಚು ಇದ್ದು, ಕನ್ನಡಿ ಇದ್ದು."

ಅವಳ ತುಟಿಯ ಮೂಲೆಯ ನಗು ತಟ್ಟನೆ ಆರಿತು. "ಬೇಡ. ಅಂಗಡೀಲಿ ಕೂತು ಕಾಲು ಕೊಡೂಕೆ ನಂಗಾಗೂದಿಲ್ಲ."

ಅವಳು ಹೋದ ಮೇಲೆ ಸುಧಾಕರನಿಗೆ ಎಲ್ಲೋ ಚುಚ್ಚಿದ ಹಾಗಾಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಮೀನು ಮಾರುಕಟ್ಟೆ ಪಕ್ಕದ ಅಂಗಡಿ ಕೀಳಾಯಿತೇನೋ ಅಂದುಕೊಂಡ. ಮುಂದಿನ ಶನಿವಾರ ಬಿಗಿಯಾಗಿ ಇರಬೇಕೆಂದು ನಿಶ್ಚಯ ಮಾಡಿದ. ಆ ನಿಶ್ಚಯ ಅವಳು ಮೆಟ್ಟಿಲು ಹತ್ತುವವರೆಗೆ ಮಾತ್ರ ನಿಂತಿತು.

ಏಕೆಂದರೆ ಆ ದಿನ ಅವಳ ಮುಖ ಸಪ್ಪಗಿತ್ತು. ಮೊಬೈಲನ್ನು ಅವನ ಮುಂದೆ ಹಿಡಿದಳು. ಕಂಪನಿಯ ಎಚ್ಚರಿಕೆ: ನಿಮ್ಮ ಖಾತೆಯಿಂದ ರಿಟರ್ನ್ ಹೆಚ್ಚಾಗಿದೆ, ವಾಪಸ್ ಬಂದ ಮಾಲಿನಲ್ಲಿ ದುರ್ವಾಸನೆ ಕಂಡುಬಂದಿದೆ, ಇನ್ನೊಮ್ಮೆ ದೂರು ಬಂದರೆ ಉಚಿತ ರಿಟರ್ನ್ ಸೌಲಭ್ಯ ರದ್ದಾಗುತ್ತದೆ.

"ದುರ್ವಾಸನೆಯಾ?" ಸುಧಾಕರನಿಗೆ ಸಿಟ್ಟೇ ಬಂತು. "ಎಲ್ಲಾ ಡಬ್ಬಿ ನಾನೇ ಬಿಚ್ಚಿ ನೋಡಿದ್ದಲ್ಲ! ಎಂತ ವಾಸನೆ?"

"ನಂಗೂ ಗೊತ್ತಿಲ್ಲ. ಸಾಕ್ಸು ಹಾಕ್ಕಂಡೇ ನೋಡೂದು ನಾನು."

ಅವನು ಆ ದಿನದ ಡಬ್ಬಿ ಬಿಚ್ಚಿ ಮೂಸಿದ. ಹೊಸ ರಬ್ಬರಿನ ವಾಸನೆ. ಅವಳೂ ಬಗ್ಗಿ ಮೂಸಿದಳು. ಒಂದೇ ಶೂ ಡಬ್ಬಿಯೊಳಗೆ ಎರಡು ಮೂಗು. ಅವಳ ಹಣೆಯ ಕೂದಲು ಅವನ ಕೆನ್ನೆಗೆ ತಾಗಿತು. ಇಬ್ಬರೂ ಇನ್ನೊಮ್ಮೆ ಮೂಸಿದರು. ಎರಡನೇ ಸಲ ಮೂಸುವ ಅಗತ್ಯ ನಿಜಕ್ಕೂ ಇರಲಿಲ್ಲ.

"ಎಂತದೂ ಇಲ್ಲ" ಎಂದ ಅವನು, ಡಬ್ಬಿಯನ್ನೇ ನೋಡುತ್ತ.

"ಇಲ್ಲ" ಎಂದಳು ಅವಳು, ಅವನನ್ನು ನೋಡದೆ.

ಪಕ್ಕದ ಮೆಡಿಕಲ್ ಶಾಪಿನ ಮಹಾಲಕ್ಷ್ಮೀಯನ್ನು ಕರೆದದ್ದು ಆಮೇಲೆ. ತೋಟದ ಮನೆಯ ಹೆಂಗಸು, ಹುಟ್ಟಿದಾರಭ್ಯ ಮೀನು ಮುಟ್ಟಿದವರಲ್ಲ. ಅವರು ಡಬ್ಬಿಯ ಹತ್ತಿರ ಬರುವ ಮೊದಲೇ ಸೆರಗನ್ನು ಮೂಗಿಗೆ ಹಿಡಿದರು. ಗಾಬರಿಗೆ ಮನೆಮಾತೇ ಬಂತು.

"ಅಯ್ಯೋ ದೇವರೇ! ಒಣಮೀನು ವಾಸನೆ ಬತ್ತಾ ಇದ್ದು! ನಿಂಗಕ್ಕೆ ಗೊತ್ತಾಗ್ತಿಲ್ಯ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

ಧನ್ಯಶ್ರೀಯ ಅಮ್ಮ ತಿಮ್ಮಿ ಒಣಮೀನಿನ ವ್ಯಾಪಾರದವಳು. ಮರಳು ತಾಗಬಾರದೆಂದು ಮಗಳು ಶೂ ಡಬ್ಬಿಗಳನ್ನು ಮೇಲಿನ ಹಲಗೆಯ ಮೇಲೆ ಇಡುತ್ತಿದ್ದಳು. ಅದರ ಕೆಳಗೇ ಒಣಮೀನಿನ ಚೀಲಗಳು. ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ವಾಸನೆ ಎಂದು ಹೊಳೆದೇ ಇರಲಿಲ್ಲ. ಮೀನು ಮಾರುಕಟ್ಟೆಯ ಪಕ್ಕದಲ್ಲಿ ಕೂತು ತಪಾಸಣೆ ಮಾಡುವ ಸುಧಾಕರನ ಮೂಗಿಗೂ ಅದು ಗಾಳಿಯಷ್ಟೇ ಸಹಜವಾಗಿತ್ತು. ಕಂಪನಿಯವರು ಇಡೀ ಕರಾವಳಿಯಲ್ಲಿ ಹುಡುಕಿ ಹುಡುಕಿ ಎಂಥವನನ್ನು ತಪಾಸಣೆಗೆ ಇಟ್ಟಿದ್ದರು ನೋಡಿ!

ಮೊದಲು ನಕ್ಕದ್ದು ಧನ್ಯಶ್ರೀ. ಕೌಂಟರಿಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನೂ ನಕ್ಕ. ಮಹಾಲಕ್ಷ್ಮೀ ಸೆರಗಿನೊಳಗಿಂದಲೇ "ಚಲೋ ಜೋಡಿ" ಎಂದು ಗೊಣಗಿ ತಮ್ಮ ಅಂಗಡಿಗೆ ಹೋದರು. ಆ ಮಾತು ಕೇಳಿಸದವರ ಹಾಗೆ ಇಬ್ಬರೂ ಡಬ್ಬಿಯನ್ನು ಮುಚ್ಚುವ ಕೆಲಸದಲ್ಲಿ ತೊಡಗಿದರು.

"ಒಂದು ಕೆಲಸ ಮಾಡಿ" ಎಂದ ಸುಧಾಕರ. "ಪಾರ್ಸಲ್ ಮನೆಗೆ ತರಿಸಬೇಡಿ. ಈ ಕೌಂಟರಿಗೇ ತರಿಸಿ. ಡಬ್ಬಿ ಇಲ್ಲೇ ಇರ್ಲಿ, ಶೂ ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಕಟ್ಕಂಡು ಹೋಗಿ, ನೋಡಿ, ತನ್ನಿ."

"ನಿಮ್ಗೆ ಸುಮ್ನೆ ತೊಂದರೆ."

"ಎಂತ ತೊಂದರೆ? ತೊಂದರೆ ಇಲ್ಲ." ಅವನು ಸ್ವಲ್ಪ ಹೆಚ್ಚೇ ಬೇಗ ಹೇಳಿಬಿಟ್ಟ.

ಹೀಗೆ ಅವಳು ವಾರಕ್ಕೆ ಎರಡು ಸಲ ಬರಲು ಶುರು ಮಾಡಿದಳು, ಒಯ್ಯಲು ಒಮ್ಮೆ, ಕೊಡಲು ಒಮ್ಮೆ. ತಿಮ್ಮಿಯ ಒಣಮೀನಿಗೆ ಸುಧಾಕರ ಕೈಮುಗಿಯುವುದೊಂದು ಬಾಕಿ ಇತ್ತು.

ಅವಳಿಗೆ ಶೂ ಯಾಕೆ ಬೇಕೆಂಬುದೂ ಆಗಲೇ ತಿಳಿದದ್ದು. ಹೊಸ ವರ್ಷದಿಂದ ಅವಳ ಆಸ್ಪತ್ರೆಯಲ್ಲಿ ಎಲ್ಲರಿಗೂ ಮುಚ್ಚಿದ ಕಪ್ಪು ಶೂ ಕಡ್ಡಾಯ. ಚಪ್ಪಲಿ ಹಾಕಿ ಬಂದವರನ್ನು ಲ್ಯಾಬಿನೊಳಗೆ ಬಿಡುವುದಿಲ್ಲ.

"ಅಷ್ಟರೊಳಗೆ ಸಿಗದಿದ್ರೆ?"

"ಸಿಗದಿದ್ರೆ ಮೇಟ್ರನ್ ಹತ್ರ ಹೋಗಿ ಹೇಳ್ಬೇಕು." ಅವಳು ಬ್ಯಾಗಿನ ಪಟ್ಟಿ ಸರಿ ಮಾಡಿಕೊಂಡಳು. "ಅದು ನಂಗೆ ಬೇಡ."

ಏನು ಹೇಳಬೇಕು, ಯಾಕೆ ಬೇಡ ಎಂದು ಅವನು ಕೇಳಲಿಲ್ಲ. ಕೇಳದೇ ಇದ್ದುದಕ್ಕೆ ಅವಳು ಕಣ್ಣಲ್ಲೇ ಏನೋ ಹೇಳಿದಳು. ಅವನು ಆ ನೋಟವನ್ನು ಮನೆಗೆ ಒಯ್ದು ರಾತ್ರಿ ಊಟದವರೆಗೂ ಇಟ್ಟುಕೊಂಡ.

ಆದರೆ ಒಂದು ಸಂಕಟ ಅವನನ್ನು ಕೊರೆಯುತ್ತಿತ್ತು. ಅವಳಿಗೆ ಶೂ ಸರಿಹೊಂದಿದ ದಿನ ಅವಳು ಬರುವುದು ನಿಲ್ಲುತ್ತದೆ. ಸರಿಹೊಂದದೆ ಖಾತೆ ರದ್ದಾದರೂ ನಿಲ್ಲುತ್ತದೆ. ಪ್ರತಿ ಶನಿವಾರ ಅವಳು ದೂರದಲ್ಲಿ ಕಂಡಾಗ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರಲಿ ದೇವರೇ ಎಂದು ಅವನ ಮನಸ್ಸು ಬೇಡುತ್ತಿತ್ತು. ಚೀಲ ಕಂಡೊಡನೆ ಜೀವ ನಿರಾಳವಾಗುತ್ತಿತ್ತು. ಆಮೇಲೆ ಅವಳ ದಣಿದ ಮುಖ ಕಂಡು ಥೂ, ತಾನೆಂಥ ಸ್ವಾರ್ಥಿ ಎನಿಸುತ್ತಿತ್ತು. ಅವಳಿಗೆ ಬೇಕಾದ್ದು ಸಿಗಬೇಕು, ಅವಳು ಬರುತ್ತಲೂ ಇರಬೇಕು. ಎರಡೂ ಒತ್ತಲು ಬರುವಂತಿರಲಿಲ್ಲ.

ಡಿಸೆಂಬರಿನ ಕೊನೆಯ ಶನಿವಾರ ಬಂತು. ಆ ವಾರ ಅವಳು ಒಂದೇ ಮಾಡೆಲಿನ ಎರಡು ಸೈಜು ತರಿಸಿದ್ದಳು, ಐದು ಮತ್ತು ಏಳು. ಎರಡು ಜೋಡಿಯನ್ನೂ ಒಯ್ದಿದ್ದಳು. ವಾಪಸ್ ತಂದದ್ದು ಒಂದೇ ಜೋಡಿ, ಅದೂ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ.

ಅಂದರೆ ಇನ್ನೊಂದು ಸರಿಹೊಂದಿತು. ಇನ್ನು ಅವಳು ಬರುವುದಿಲ್ಲ ಎಂದುಕೊಂಡ ಸುಧಾಕರ. ಆದರೂ ನಗು ತಂದುಕೊಂಡ.

"ಅಂತೂ ಸಿಕ್ತು! ಈ ಜೋಡಿಗೆ ಕಾರಣ ಎಂತ ಒತ್ಲಿ?"

"ಯಾವ್ದಾದ್ರೂ ಒತ್ತಿ."

ತಮಾಷೆ ಇಲ್ಲ, ಮೂಲೆಯ ನಗು ಇಲ್ಲ. ಅವಳು ಅವನ ಮುಖ ನೋಡಲೇ ಇಲ್ಲ. ಕಟ್ಟು ಬಿಚ್ಚಿ ನೋಡಬೇಕಾದದ್ದು ಅವನ ಕೆಲಸ. ಅವನು ನೋಡಲಿಲ್ಲ, ಇವಳು ತಂದದ್ದನ್ನು ಇನ್ನೇನು ನೋಡುವುದು ಎಂದು ಟಿಕ್ ಹಾಕಿದ. ಅವಳು ಪ್ಲಾಸ್ಟಿಕ್ ಕಟ್ಟಿನ ಕಡೆ ಒಮ್ಮೆ ನೋಡಿ, ಬೇಗಬೇಗ ಮೆಟ್ಟಿಲಿಳಿದಳು. ಬೇಗ ನಡೆದಾಗ ಅವಳ ಒಂದು ಕಾಲು ತುಸು ಎಳೆಯುವುದನ್ನು ಅವನು ಅಂದೇ ಮೊದಲು ಕಂಡದ್ದು. ದಣಿವಿರಬೇಕು ಅಂದುಕೊಂಡ.

ಭಾನುವಾರ ಬೆಳಿಗ್ಗೆ ವ್ಯಾನು ಬಂತು. ಕುಮಟಾದಿಂದ ಭಟ್ಕಳದವರೆಗೆ ಪಾರ್ಸಲ್ ಎತ್ತುವ ದೇವರಾಜ ಕೆಳಗಿನಿಂದಲೇ ಹಾರ್ನು ಹೊಡೆದ. ಸುಧಾಕರ ಅವಳ ಜೋಡಿಯನ್ನು ಡಬ್ಬಿಗೆ ಹಾಕಲು ಕಟ್ಟು ಬಿಚ್ಚಿದ. ಎಡಗಾಲಿನದ್ದು ಏಳು, ಬಲಗಾಲಿನದ್ದು ಐದು.

ಅವನು ತಿರುಗಿಸಿ ತಿರುಗಿಸಿ ನೋಡಿದ. ಬೆರಕೆಯಾಗಿದೆ. ಇದು ಹೀಗೇ ಹೋದರೆ ಕಂಪನಿಯವರು ಮೋಸ ಎನ್ನುತ್ತಾರೆ; ಟಿಕ್ ಹಾಕಿದ ಅವನ ಕೌಂಟರು ಮುಚ್ಚುತ್ತದೆ, ಅವಳ ಖಾತೆಯೂ ಹೋಗುತ್ತದೆ.

"ದೇವರಾಜ, ಇದೊಂದು ಇರ್ಲಿ ಮಾರಾಯ. ಉಳಿದದ್ದು ಒಯ್ಯಿ."

ವ್ಯಾನು ತಿರುವಿನಲ್ಲಿ ಮರೆಯಾಗುವುದಕ್ಕೂ ಅವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಕೆದರಿದ ತಲೆ, ಕೈಯಲ್ಲಿ ಒಂದು ಚೀಲ.

"ಹೋಯ್ತಾ? ನಂದು ಹೋಯ್ತಾ?"

"ಇಲ್ಲೇ ಇದ್ದು. ಕೂತ್ಕಳಿ ಮೊದ್ಲು." ಅವನು ಎರಡು ಶೂಗಳನ್ನೂ ತೋರಿಸಿದ. "ಬೆರಕೆ ಆಗಿತ್ತು, ಅಷ್ಟೇ ಅಲ್ದಾ? ಗಡಿಬಿಡೀಲಿ ಯಾರಿಗಾದ್ರೂ ಆಗ್ತದೆ."

ಅವನು ಕೊಟ್ಟ ನೆಪ ಅವಳ ಮುಂದೆಯೇ ಇತ್ತು. ಕೈ ಚಾಚಿದರೆ ಸಾಕಿತ್ತು. ಅವಳು ಬೆಂಚಿನ ಮೇಲೆ ಕೂತು ತಲೆಯಾಡಿಸಿದಳು.

"ಬೆರಕೆ ಆದ್ದಲ್ಲ. ನಾನೇ ಬೇಕಂತ ಇಟ್ಟದ್ದು. ರಾತ್ರಿ ನಿದ್ದೆ ಬರ್ಲಿಲ್ಲ. ನೀವು ಬಿಚ್ಚೂ ನೋಡ್ದೆ ತಗಂಡ್ರಿ. ಬಿಚ್ಚಿ ನೋಡಿ ಬೈದಿದ್ರೆ ಆಗ್ತಿತ್ತು."

ಅವಳು ಚೀಲದಿಂದ ಉಳಿದೆರಡು ಶೂ ತೆಗೆದು ಕೆಳಗಿಟ್ಟಳು. ಎಡದ್ದು ಐದು, ಬಲದ್ದು ಏಳು. ಆಮೇಲೆ ಚಪ್ಪಲಿ ಕಳಚಿ, ಚೂಡಿದಾರದ ಅಂಚನ್ನು ಮೇಲಕ್ಕೆತ್ತಿ, ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟಳು. ಬಲಗಾಲು ದೊಡ್ಡವರ ಕಾಲು. ಎಡಗಾಲು ಗಿಡ್ಡ, ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

"ಸಣ್ಣವಳಿದ್ದಾಗ ದೋಣಿ ದಂಡೆಗೆ ಎಳೀತಿದ್ರು. ನೋಡೂಕೆ ಹೋದೆ, ಕಾಲು ದೋಣಿ ಅಡಿಗೆ ಸಿಕ್ತು. ಆಮೇಲೆ ಈ ಪಾದ ಬೆಳೀಲೇ ಇಲ್ಲ."

ಮೊದಲ ದಿನದ ಅವಳ ಮಾತು ಸುಧಾಕರನ ತಲೆಯಲ್ಲಿ ಗಂಟೆ ಹೊಡೆದ ಹಾಗೆ ಬಡಿಯಿತು. ದೊಡ್ಡದಾಯಿತೋ ಸಣ್ಣದಾಯಿತೋ ಎಂದರೆ ಎರಡೂ ಎಂದಿದ್ದಳು. ಅವಳು ಸತ್ಯವನ್ನೇ ಹೇಳಿದ್ದಳು. ಅವನು ತಮಾಷೆ ಅಂದುಕೊಂಡಿದ್ದ.

"ಅಂಗಡೀಲಿ ಕಾಲು ಕೊಡೂದಿಲ್ಲ ಅಂದದ್ದು ಅದಕ್ಕೇ" ಎಂದಳು ಅವಳು. "ನೋಡ್ದವ್ರ ಮುಖ ಬದಲಾಗ್ತದೆ. ತೆಂಗಿನಗುಂಡಿಯಿಂದ ಒಬ್ರು ನನ್ನ ನೋಡೂಕೆ ಬಂದಿದ್ರು. ಎಲ್ಲಾ ಒಪ್ಪಿಗೆ ಆಗಿತ್ತು. ಕಾಲು ಕಂಡ್ಮೇಲೆ ಫೋನೇ ಇಲ್ಲ. ಅವ್ರು ಕಾರಣವೂ ಒತ್ಲಿಲ್ಲ."

ನಗಲು ನೋಡಿದಳು, ಆಗಲಿಲ್ಲ. ದನಿ ಸಣ್ಣದಾಯಿತು.

"ನಿನ್ನೆ ನೆಲ ಗುಡಿಸಿ, ಇವೆರಡೂ ಹಾಕ್ಕಂಡು ಮನೆ ಒಳಗೆ ನಡೆದೆ. ನಂಗೆ ಜೀವಮಾನದಲ್ಲಿ ಹಂಗೆ ನಡೆದು ಗೊತ್ತಿಲ್ಲ. ಅಮ್ಮ ಅಡುಗೆ ಮನೇಲಿದ್ಲು. ನನ್ನ ಹೆಜ್ಜೆ ಸಪ್ಪಳ ಅವಳಿಗೆ ನಿದ್ದೇಲೂ ಗೊತ್ತು. ಒಳಗಿಂದ ಕೇಳಿದ್ಲು, 'ಯಾರು ಬಂದದ್ದು?' ಅಂತ."

ಸುಧಾಕರ ಕೈಯಲ್ಲಿದ್ದ ಶೂಗಳನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟ. ಅವಳು ಮುಂದುವರಿಸಿದಳು, "ಆಮೇಲೆ ಕೊಡೂಕೆ ಮನಸ್ಸಾಗ್ಲಿಲ್ಲ. ಆದ್ರೆ ಕಳ್ಳತನ ಮಾಡಿ ನಡೆಯೂಕೂ ಆಗೂದಿಲ್ಲ. ತಗಳಿ, ಎರಡೂ ಜೋಡಿ ಸರಿ ಮಾಡಿ ಕಳ್ಸಿ. ಮೇಟ್ರನ್ ಹತ್ರ ಹೇಳ್ತೆ ನಾನು."

ಅವನು ಕೌಂಟರಿನ ಹಿಂದಿನಿಂದ ಬಂದ. ಕಾಲು ಅಳೆಯುವ ಅಪ್ಪನ ಕಾಲದ ಮರದ ಪಟ್ಟಿಯನ್ನು ತೆಗೆದು, ಅವಳ ಎದುರು ನೆಲದ ಮೇಲೆ ಮಂಡಿಯೂರಿದ. ದಿನಕ್ಕೆಷ್ಟೋ ಸಲ ಮಾಡುವ ಕೆಲಸ, ಆದರೂ ಈ ಸಲ ಅಪ್ಪಣೆ ಕೇಳಿದ.

"ನೋಡ್ಲಾ?"

ಅವಳು ಬಹಳ ಹೊತ್ತು ಅವನ ಮುಖವನ್ನೇ ಹುಡುಕಿದಳು. ಬದಲಾಗುತ್ತದೆಯೋ ಎಂದು ಕಾದಳು. ಆಮೇಲೆ ಮೆಲ್ಲಗೆ ಎಡಗಾಲನ್ನು ಪಟ್ಟಿಯ ಮೇಲಿಟ್ಟಳು. ಅವನು ಅಳೆದ. ಬಲಗಾಲನ್ನೂ ಅಳೆದ. ಐದನೇ ಸೈಜಿನ ಶೂವನ್ನು ಎಡಗಾಲಿಗೂ ಏಳರದ್ದನ್ನು ಬಲಗಾಲಿಗೂ ತೊಡಿಸಿ, ಲೇಸು ಕಟ್ಟಿ, ಹೆಬ್ಬೆರಳಿನ ಮೇಲೆ ಒತ್ತಿ ನೋಡಿದ.

"ಸರಿ ಇದ್ದು. ಇವು ವಾಪಸ್ ಹೋಗೂದಿಲ್ಲ."

"ಮತ್ತೆ ಉಳಿದೆರಡು?"

"ಅವು ನಂಗೆ ಬೇಕು."

ಅವಳ ಮುಖ ಬಿಗಿಯಿತು. "ಕರುಣೆ ಬೇಡ ನಂಗೆ."

"ಕರುಣೆ ಯಾರಿಗೆ ಬೇಕು? ಇದು ವ್ಯಾಪಾರ." ಅವನು ಶೋಕೇಸಿನ ಕಡೆ ಕೈ ತೋರಿಸಿದ. "ನಿಮ್ಮ ಆಸ್ಪತ್ರೆಯವ್ರಿಗೆಲ್ಲ ಕಪ್ಪು ಶೂ ಬೇಕು ಅಲ್ದಾ? ಇದೇ ಮಾಡೆಲ್ ಹುಬ್ಬಳ್ಳಿ ಹೋಲ್‌ಸೇಲಲ್ಲಿ ಸಿಗ್ತದೆ, ನಾಳೆನೇ ತರಿಸ್ತೆ. ತರಿಸಿದ್ರೆ ಶೋಕೇಸಿಗೆ ಒಂಟಿ ಕಾಲು ಇಡ್ಲೇಬೇಕು. ಅದಕ್ಕೆ ಒಳ್ಳೇ ಜೋಡಿ ಒಡೀಬೇಕು. ಇವೆರಡು ಇದ್ರೆ ಒಡೆಯೂದು ತಪ್ತದೆ. ಒಂದು ಜೋಡಿ ದುಡ್ಡು ನಂದು, ಒಂದು ಜೋಡಿದು ನಿಮ್ದು. ಇನ್ನು ಮುಂದೆಯೂ ಹಂಗೇ. ನಿಮ್ಗೆ ಎರಡು, ಶೋಕೇಸಿಗೆ ಎರಡು."

ಅವಳು ಗೋಡೆಯ ಮೇಲಿನ ಒಂಟಿ ಶೂಗಳನ್ನು ನೋಡಿದಳು. ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ಎಲ್ಲೂ ದಾನದ ವಾಸನೆ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು. ತುಂಬಿದ ಕಣ್ಣಲ್ಲೇ ತುಟಿಯ ಮೂಲೆ ಮೇಲೆದ್ದಿತು, ಆಮೇಲೆ ಇನ್ನೊಂದು ಮೂಲೆಯೂ. ಅವಳು ಪೂರ್ತಿ ನಕ್ಕದ್ದನ್ನು ಅವನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ರಿಟರ್ನ್ ರದ್ದು ಮಾಡಿದ್ದು ಅವಳೇ. ಬಳಿಕ ಎದ್ದು ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು, ತಿರುಗಿ ಬಂದಳು. ಕನ್ನಡಿಯ ಮುಂದೆ ನಿಂತಳು. ಹೊರಡುವಾಗ ಮೆಟ್ಟಿಲಲ್ಲಿ ತಡೆದು, "ನಿಮ್ಮ ಉಪಕಾರ..." ಎಂದು ಶುರು ಮಾಡಿ, ತನ್ನ ಶೂಗಳನ್ನೇ ನೋಡಿಕೊಂಡು ಹೋದಳು.

ಹೊಸ ವರ್ಷದ ಮೊದಲ ವಾರ ದಾಸನ ಅಂಗಡಿಯಲ್ಲಿ ಕೂರಲು ಜಾಗ ಇರಲಿಲ್ಲ. ಆಸ್ಪತ್ರೆಯ ನರ್ಸುಗಳು, ಆಯಾಗಳು, ಔಷಧಿ ಕೌಂಟರಿನವರು ಗುಂಪು ಗುಂಪಾಗಿ ಬಂದರು. "ಧನ್ಯ ಹಾಕ್ಕಂಡ ಶೂ ಕೊಡಿ ಸುಧಾಕರಣ್ಣ" ಎನ್ನುತ್ತಿದ್ದರು. ಶೋಕೇಸಿನ ನಟ್ಟನಡುವೆ ಎಡಗಾಲಿನ ಏಳು, ಬಲಗಾಲಿನ ಐದು ಪಕ್ಕಪಕ್ಕ ನಿಂತಿದ್ದವು. ಜೋಡಿ ಇಟ್ಟರೂ ಯಾರೂ ಕದಿಯಲಾರದ ಜೋಡಿ.

ಎಲ್ಲರೂ ಬಂದರು, ಅವಳೊಬ್ಬಳು ಬರಲಿಲ್ಲ. ಬರಲು ಅವಳಿಗೆ ಇನ್ನು ಕಾರಣವೂ ಇರಲಿಲ್ಲ. ಶನಿವಾರ ಸಂಜೆ ಅವನು ಬಸ್‌ಸ್ಟ್ಯಾಂಡಿನ ದಾರಿ ನೋಡಿ ನೋಡಿ, ದೀಪ ಹಚ್ಚುವುದನ್ನೂ ಮರೆತ. ಅವಳು ಕುಂಟದೆ ನಡೆಯುತ್ತಿದ್ದಾಳೆ, ಅಷ್ಟು ಸಾಕು ಎಂದು ಮನಸ್ಸಿಗೆ ಹೇಳಿದ. ಮನಸ್ಸು ಕೇಳಲಿಲ್ಲ.

ಮರು ಶನಿವಾರ ಅವನು ಬೆನ್ನು ಹಾಕಿ ಡಬ್ಬಿಗಳನ್ನು ಜೋಡಿಸುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಸಮನಾದ, ಹಗುರಾದ ಹೆಜ್ಜೆ. ಗುರುತು ಸಿಗಲಿಲ್ಲ.

"ಯಾರು?" ಎಂದ ಅವನು, ತಿರುಗದೆ.

ಆಮೇಲೆ ತಿರುಗಿದ. ಅವಳು ಬಾಗಿಲಲ್ಲಿ ನಿಂತು, ಅಮ್ಮ ಕೇಳಿದ ಪ್ರಶ್ನೆಯನ್ನೇ ಅವನೂ ಕೇಳಿದ್ದಕ್ಕೆ ಕಣ್ಣರಳಿಸಿ ನಗುತ್ತಿದ್ದಳು. ಕಾಲಲ್ಲಿ ಅದೇ ಶೂ. ಕೈಯಲ್ಲಿ ಒಂದು ಶೂ ಡಬ್ಬಿ.

ಅವನು ಡಬ್ಬಿಯನ್ನೇ ನೋಡಿದ. "ಎಂತ ಆತು? ಕಚ್ತದಾ?"

"ನೀವು ತಪಾಸಣೆ ಮಾಡಿ. ಬಿಚ್ಚಿ ನೋಡ್ದೆ ಟಿಕ್ ಹಾಕ್ಬೇಡಿ."

ಡಬ್ಬಿಯೊಳಗೆ ಬಾಳೆಎಲೆಯಲ್ಲಿ ಕಟ್ಟಿದ ಒಣ ಸಿಗಡಿ ಚಟ್ನಿ ಇತ್ತು.

"ಅಮ್ಮ ಕೊಟ್ಟದ್ದು. ಯಾರು ಬಂದದ್ದು ಅಂತ ಕೇಳಿದ್ಲಲ್ಲ, ಅವಳಿಗೆ ಎಲ್ಲಾ ಹೇಳ್ದೆ. ಹೋಗಿ ಕೊಟ್ಟು ಬಾ ಅಂದ್ಲು. ಈ ಸಲ ವಾಸನೆ ಬೇಕಂತಲೇ."

ಅವನು ಮೂಸಿದ. ಈ ಸಲ ವಾಸನೆ ಚೆನ್ನಾಗಿಯೇ ತಿಳಿಯಿತು. ಅಭ್ಯಾಸಬಲದಿಂದ ಕೇಳಿದ:

"ಕಾರಣ ಎಂತ ಒತ್ಲಿ?"

ಅವಳು ಕೌಂಟರಿನ ಮೇಲೆ ಬೆರಳಿನಿಂದ ಗೀರಿದಳು. ಕಿವಿಯ ತುದಿ ಕೆಂಪಾಗಿತ್ತು.

"ಹೋದ ಶನಿವಾರವೂ ಊರಿಂದ ಸೇತುವೆ ದಾಟಿ ಬಂದಿದ್ದೆ. ಕಾರಣ ಸಿಗ್ದೆ ಬಸ್‌ಸ್ಟ್ಯಾಂಡಿಂದ ವಾಪಸ್ ಹೋದೆ" ಎಂದಳು. "ಇವತ್ತೂ ಸಿಗ್ಲಿಲ್ಲ. ಸುಮ್ನೆ ನಿಮ್ಮನ್ನ ನೋಡೂಕೆ ಬಂದೆ. ಹಂಗಂತ ಒತ್ತೂಕೆ ಆಗ್ತದಾ?"

ಸುಧಾಕರ ಮೊಬೈಲನ್ನು ಮಗುಚಿ ಇಟ್ಟ. ತನ್ನ ವ್ಯಾಪಾರ ಕೆಡಿಸಿದ ಕಂಪನಿ, ಅದರ ಪುಕ್ಕಟೆ ರಿಟರ್ನ್, ಅವಳ ಕಾಲಿಗೆ ಹೊಂದದೆ ಹೋದ ಅಷ್ಟೂ ಶೂ, ತಿಮ್ಮಿಯ ಒಣಮೀನು, ಇವೆಲ್ಲದಕ್ಕೂ ಅವನು ಆ ಗಳಿಗೆಯಲ್ಲಿ ಋಣಿಯಾಗಿದ್ದ. ಯಾರಿಗೆ ಮೊದಲು ಕೈಮುಗಿಯಬೇಕೋ ತಿಳಿಯಲಿಲ್ಲ.

"ನಾನು ಪ್ರತಿ ಶನಿವಾರ ನಿಮ್ಮ ಕೈಯಲ್ಲಿ ಚೀಲ ಇರ್ಲಿ ಅಂತ ಬೇಡ್ಕಂತಿದ್ದೆ" ಎಂದ. "ಶೂ ಹೊಂದಿದ್ರೆ ನೀವು ಬರೂದಿಲ್ಲ ಅಂತ ಹೆದ್ರಿಕೆ. ನೀವು ಬರ್ಬೇಕು ಧನ್ಯ. ಕೊಡೂಕೆ ಬೇಡ, ಒಯ್ಯೂಕೂ ಬೇಡ. ಇರೂಕೆ ಬನ್ನಿ."

ಅವಳು ತಲೆ ಎತ್ತಿದಳು. ಅವನನ್ನು ನೋಡಿದಳು, ಅವನ ತಲೆಯ ಮೇಲಿದ್ದ ಕೆಂಪಕ್ಷರದ ಬೋರ್ಡನ್ನೂ ನೋಡಿದಳು.

"ನಿಮ್ಮ ಅಂಗಡೀಲಿ ವಾಪಸ್ ತಗಳೂದಿಲ್ಲ ಅಂತ ಬರ್ದದ್ದು ಇದ್ದು."

"ಅಪ್ಪ ಬರೆದದ್ದು. ಅದು ಅಳಿಸೂದಿಲ್ಲ."

"ಹಂಗಾರೆ ಸರಿಯಾಗಿ ನೋಡಿ ತಗಳಿ. ಆಮೇಲೆ ಕಾಲು ಕಂಡಿರ್ಲಿಲ್ಲ ಅನ್ಬೇಡಿ."

"ನೋಡಿ ಆತು" ಎಂದ ಸುಧಾಕರ. "ಎರಡೂ ನೋಡಿ ಆತು."